ರುದ್ರಾಣಮ್ಮನ ಒಂದೇ ಪ್ರಶ್ನೆ

ನಮ್ಮ ಚೇಳೂರು ಕಡೆ ಬಂದೂಕಿನ ಲೈಸೆನ್ಸ್ ನವೀಕರಿಸಬೇಕೆಂದರೆ ಹೆಡ್ ಕಾನ್‌ಸ್ಟೇಬಲ್ ರುದ್ರಾಣಮ್ಮ ಮನೆಗೇ ಬಂದು ವಿಚಾರಿಸಬೇಕು. ಮೀಸೆ ತಿರುವುವ ಗಂಡಸರೆಲ್ಲ ಆಕೆಯ ಸ್ಕೂಟಿ ಸದ್ದಿಗೇ ಎಳನೀರು ಕೆತ್ತಲು ಓಡುತ್ತಾರೆ. ಅವರ ಕಾಡುಹಂದಿ ಬೇಟೆಯ ಕಥೆಗಳನ್ನೆಲ್ಲ ರುದ್ರಾಣಮ್ಮ ತಾಳ್ಮೆಯಿಂದ ಕೇಳಿ, ಆಮೇಲೆ ಒಬ್ಬರೇ ಅಡುಗೆಮನೆಗೆ ಹೋಗಿ ಆ ಮನೆಯವನ ಹೆಂಡತಿಯನ್ನು ಒಂದೇ ಮಾತು ಕೇಳುತ್ತಾರೆ: “ಬಂದೂಕ ಎಲ್ಲಿಟ್ಟವ್ನವ್ವಾ?” “ಅದ್ಯಾರ್ ನೋಡ್ತಾರೆ ಬುಡಕ್ಕ” ಎಂದರೆ ನಕ್ಕು, ಕಾಫಿ ಕುಡಿದು, ಒಪ್ಪಿಗೆ ಬರೆಯುತ್ತಾರೆ. ನಮ್ಮ ಪಕ್ಕದ ಮನೆಯ ಮಂಜುಶ್ರೀ ಮಾತ್ರ, “ಬೆಳಿಗ್ಗೆ ಬೀರು ಮೇಲಿತ್ತು, ಈಗ ಬಾಗ್ಲ ಹಿಂದೈತೆ” ಎಂದು ಥಟ್ಟನೆ ಹೇಳಿದಳು. ರುದ್ರಾಣಮ್ಮ ಕಾಫಿ ಮುಟ್ಟಲಿಲ್ಲ. ಬಂದೂಕನ್ನು ಅಲ್ಲೇ ವಶಕ್ಕೆ ತೆಗೆದುಕೊಂಡರು. ಹೊರಗೆ ಬಂದವರನ್ನು, ಆ ಒಂದು ಮಾತಿನಿಂದ ಏನು ತಿಳಿಯಿತೆಂದು ನಾನು ಬೆರಗಾಗಿ ಕೇಳಿದೆ. “ಹೆದರ್ಕೊಂಡಿರೋಳಿಗೇ ಕಣಪ್ಪಾ ಅದರ ಜಾಗ ಗೊತ್ತಿರೋದು” ಎಂದವರು, ಸ್ಕೂಟಿ ಹತ್ತುತ್ತಾ ಅಂದರು: “ನಮ್ಮಪ್ಪಂದು ರಾಗಿ ತುಂಬಿಡೋ ವಾಡೆ ಹಿಂದೆ ಇರ್ತಿತ್ತು.”