ಮೇಲಿನ ನೀರು, ಕೆಳಗಿನ ನೀರು

ನಮ್ಮ ಯಜಮಾನರು ಪುಸ್ತಕಕ್ಕೆ ರಟ್ಟು ಕಟ್ಟುವವರು. ಹರಿದ ಹಾಳೆ ಕಂಡರೆ ಅವರ ಕೈ ಸುಮ್ಮನಿರೋದಿಲ್ಲ. ನೆಂಟರ ಮನೆಗೆ ಹೋದರೂ ಅಲ್ಲಿ ಬಿದ್ದಿರೋ ಹಳೇ ಪುಸ್ತಕದ ಬೆನ್ನು ಸವರಿ, "ಅಯ್ಯೋ ಪಾಪ, ಗೋಂದು ಜಾಸ್ತಿ ಬಳಿದುಬಿಟ್ಟಿದ್ದಾರೆ" ಅಂತ ಮರುಗೋ ಆಸಾಮಿ. ನನಗೆ ಜ್ವರ ಬಂದಾಗ ಇಷ್ಟು ಮರುಗಿದ್ದು ನಾ ಕಂಡಿಲ್ಲ.

ದೀಪದ ಬುಡದಲ್ಲಿ ಕತ್ತಲು ಅಂತಾರಲ್ಲ, ಹಾಗೆ. ಊರಿನವರ ಪುಸ್ತಕಕ್ಕೆಲ್ಲ ಹೊಲಿಗೆ ಬಿತ್ತು. ನಮ್ಮಮ್ಮ ನನಗೆ ಬರೆದ ನಲವತ್ತೆರಡು ಕಾಗದಗಳನ್ನ ಒಂದು ಪುಸ್ತಕ ಮಾಡಿಕೊಡಿ ಅಂತ ಕೊಟ್ಟು ಹತ್ತೊಂಬತ್ತು ವರ್ಷ. "ನಾಳೆ ಮಾಡ್ತೀನಿ ಕಣೇ" ಅಂದು ಅಂಗಡಿಯಲ್ಲಿ ಹಾಳೆಯಂಚು ಕತ್ತರಿಸೋ ಕಟಿಂಗ್ ಮಷೀನಿನ ಪಕ್ಕದ ಹಲಗೆ ಮೇಲೆ ನಿಲ್ಲಿಸಿಟ್ಟರು. ಅಷ್ಟರಲ್ಲಿ ಅಮ್ಮನೂ ಹೋದಳು.

ಹೋದ ಮಳೆಗಾಲದಲ್ಲಿ ಒಂದು ಸೋಮವಾರ ಅಂಗಡಿ ಬಾಗಿಲು ತೆಗೆದರೆ ಎದೆ ಧಸಕ್ಕೆಂದಿತು. ಮಹಡಿಯವರ ಟ್ಯಾಂಕಿನ ಪೈಪ್ ಒಡೆದು ಮೇಲಿಂದ ನೀರು ಸುರೀತಿದೆ. ಕೆಳಗೆ ಬೀದಿಯ ಮೋರಿ ನೀರು ಮೊಣಕಾಲುದ್ದ ನಿಂತಿದೆ. ಯಾವುದು ಮೊದಲು ಬಂತೋ, ನೋಡಿದವರು ಯಾರೂ ಇಲ್ಲ. ಕಟಿಂಗ್ ಮಷೀನಿನ ಮೋಟಾರು ಸುಟ್ಟುಹೋಗಿತ್ತು. ಅದಿಲ್ಲದಿದ್ದರೆ ಅಂಗಡಿಗೆ ಬೀಗ ಹಾಕೋದೇ.

ವಿಮೆ ಇತ್ತು. ಆದರೆ ಪೈಪ್ ಒಡೆದ ನೀರಾದರೆ ಪರಿಹಾರ ಉಂಟು, ಬೀದಿಯಿಂದ ನುಗ್ಗಿದ ನೀರಾದರೆ ಇಲ್ಲ ಅಂತ ಅದರಲ್ಲಿ ಬರೆದಿತ್ತು. ಕಂಪನಿಯ ತನಿಖೆಯವನು ಬಂದದ್ದು ನಾಲ್ಕನೇ ದಿನ. ಅಷ್ಟರೊಳಗೆ ನಮ್ಮ ಮಹಾಶಯರು ಏನು ಮಾಡಿದ್ದರು ಗೊತ್ತಾ? ರ್‍ಯಾಕಿನಲ್ಲಿದ್ದ ಲೈಬ್ರರಿ ಪುಸ್ತಕಗಳ ಮೇಲಂಚೆಲ್ಲ ಕಲೆಯಾಗಿತ್ತು. ಅವನ್ನೆಲ್ಲ ಒಣಗಿಸಿ, ಕೈಚಾಕು ಹಿಡಿದು ಕಲೆಯಿದ್ದ ಅಂಚನ್ನೆಲ್ಲ ನೀಟಾಗಿ ಕತ್ತರಿಸಿ, ಚೂರುಗಳನ್ನ ಗುಜರಿಗೆ ಹಾಕಿಬಿಟ್ಟಿದ್ದರು! ತನಿಖೆಯವನ ಕಣ್ಣಿಗೆ ಬಿದ್ದದ್ದು ಗೋಡೆಯ ಮೇಲಿನ ಮೊಣಕಾಲೆತ್ತರದ ಕೊಳೆ ಗೆರೆ ಒಂದೇ. "ಬೀದಿ ನೀರು" ಅಂತ ಬರೆದುಕೊಂಡು ಹೋದ.

"ರೀ, ಆ ಕಲೆ ಹಾಗೇ ಬಿಡೋಕೇನಾಗಿತ್ತು ನಿಮಗೆ?" ಅಂತ ಕೂಗಾಡಿದೆ.

"ಕಲೆ ಇರೋ ಪುಸ್ತಕ ವಾಪಸ್ ಕೊಡೋಕಾಗುತ್ತೇನೇ?" ಅಂದರು. ಇಂಥವರಿಗೆ ಏನು ಹೇಳೋದು?

ಕೋರ್ಟಿಗೆ ಹೋದೆವು. ಎರಡು ಕಡೆ ವಕೀಲರೂ ಗಂಟೆಗಟ್ಟಲೆ ನೀರಿನ ಬಗ್ಗೆ ವಾದ ಮಾಡಿದರು. ನನಗೆ ತಲೆ ಬುಡ ಅರ್ಥವಾಗಲಿಲ್ಲ. ಎರಡು ನೀರೂ ಬೆರೆತ ಮೇಲೆ ಯಾವುದರಿಂದ ಕೆಟ್ಟಿತು ಅಂತ ಹೇಗೆ ಹೇಳ್ತೀರಿ ಅಂತ ಕಂಪನಿ ವಕೀಲ ಕೇಳಿದ. ಅದು ಸರಿ ಅನ್ನಿಸಿತು. ನಮ್ಮ ವಕೀಲರು ಎದ್ದು ಏನೋ ಅಂದರು, ಅದೂ ಸರಿ ಅನ್ನಿಸಿತು. ಕಣ್ಣು ಕಟ್ಟಿ ಕಾಡಿಗೆ ಬಿಟ್ಟ ಹಾಗಾಯ್ತು.

ಹೊರಗೆ ಬಂದ ಮೇಲೆ ನಮ್ಮ ವಕೀಲರು, "ಅಮ್ಮಾ, ಇವರು ರಿಪೇರಿ ಮಾಡದೆ ಬಿಟ್ಟದ್ದು ಅಂಗಡಿಯಲ್ಲಿ ಒಂದಾದರೂ ಇಲ್ವಾ?" ಅಂದರು.

"ಯಾಕಿಲ್ಲ, ನಂದಿದೆಯಲ್ಲ!" ಅಂದೆ ಸಿಟ್ಟಿನಿಂದ.

ಕಾಗದದ ಕಟ್ಟು ಬಿಚ್ಚಿದೆವು. ಮೇಲಂಚು ನೆಂದು ಶಾಯಿ ಕರಗಿತ್ತು. ಕೆಳಗಂಚು ಹೊಸದರಂತಿತ್ತು. ವಕೀಲರ ಮುಖ ಅರಳಿತು. ನಾನು ಮಾತ್ರ ಕರಗಿದ ಅಕ್ಷರಗಳನ್ನ ಓದೋಕೆ ನೋಡಿದೆ.

ನ್ಯಾಯಾಧೀಶರು ಕಾಗದಗಳನ್ನ ಒಂದೊಂದೇ ತಿರುವಿ ಹಾಕಿ, "ಎಲ್ಲದರಲ್ಲೂ ಮೊದಲ ಸಾಲು ಅಳಿಸಿದೆ. ಏನಿತ್ತಮ್ಮ ಅಲ್ಲಿ?" ಅಂದರು.

"ನನ್ನ ಮುದ್ದು ಕೋಳಿಮರಿಗೆ, ಅಂತ ಸ್ವಾಮಿ. ಅಮ್ಮ ನನ್ನ ಹಾಗೇ ಕರೀತಿದ್ದಳು."

ಯಾರೋ ಕಿಸಕ್ಕೆಂದರು. ನನಗೆ ಅಳು ಬಂತು. ಯಜಮಾನರು ತಲೆ ತಗ್ಗಿಸಿ ಕೂತಿದ್ದರು.

ತೀರ್ಪು ನಮ್ಮ ಕಡೆ ಆಯ್ತು. ಪೈಪ್ ಒಡೆದದ್ದು ನಿಜ, ಮಷೀನಿನ ಪಕ್ಕ ಇದ್ದ ಕಾಗದ ಮೇಲಿಂದಲೇ ನೆಂದಿದೆ. ಇಲ್ಲ, ಬೀದಿ ನೀರೇ ಕೆಡಿಸಿತು ಅನ್ನೋದಾದರೆ ಅದನ್ನ ತೋರಿಸಬೇಕಾದ್ದು ಕಂಪನಿ, ತೋರಿಸಿಲ್ಲ, ಪರಿಹಾರ ಕೊಡಲಿ ಅಂದರು ನ್ಯಾಯಾಧೀಶರು.

"ಹಾಗಾದರೆ ಕೊನೆಗೆ ಯಾವ ನೀರು ಅಂತಾಯ್ತು?" ಅಂತ ವಕೀಲರನ್ನ ಕೇಳಿದೆ.

"ಅದೆಲ್ಲ ಯಾಕಮ್ಮ, ಗೆದ್ದಿರಲ್ಲ," ಅಂದರು. ಇವತ್ತಿಗೂ ನನಗೆ ಗೊತ್ತಿಲ್ಲ.

"ಸರಿ, ನನ್ನ ಕಾಗದ ಕೊಡಿ" ಅಂದೆ. ಕೋರ್ಟಿನ ಗುಮಾಸ್ತ, "ಕೊಡೋಕಾಗಲ್ಲಮ್ಮ. ಕಂಪನಿಯವರು ಮೇಲಿನ ಕೋರ್ಟಿಗೆ ಹೋಗಿದ್ದಾರೆ. ಅದು ಮುಗಿಯೋವರೆಗೂ ಇವು ಸಾಕ್ಷ್ಯ" ಅಂತ ಫೈಲು ತೋರಿಸಿದ. ಕಾಗದಗಳ ಮೂಲೆಗೆ ತೂತು ಹೊಡೆದು ದಾರದಲ್ಲಿ ಬಿಗಿದಿದ್ದ.

ಯಜಮಾನರು ಕೆಂಡವಾದರು. "ಇದೇನು ಹೊಲಿಗೇನಯ್ಯಾ? ಅಕ್ಷರದ ಮೇಲೇ ತೂತು ಹೊಡೆದಿದ್ದೀಯಲ್ಲ!"

"ನೀವು ಹೊಲಿದಿದ್ದರೆ ಅವನ್ಯಾಕೆ ಹೊಡೀತಿದ್ದ?" ಅಂದುಬಿಟ್ಟೆ.

ಮೇಲಿನ ಕೋರ್ಟು ಹೇಳಿದ್ದಕ್ಕೆ ಕಂಪನಿ ಸದ್ಯಕ್ಕೆ ಅರ್ಧ ಹಣ ಕಟ್ಟಿತು. ಹೊಸ ಮೋಟಾರು ಬಂತು, ಮಷೀನು ಓಡುತ್ತಿದೆ, ಅಂಗಡಿ ಉಳಿಯಿತು. ಕೋರ್ಟಿನಲ್ಲಿ ಗೆದ್ದವನು ಸೋತ, ಸೋತವನು ಸತ್ತ ಅಂತಾರೆ. ನಾವು ಯಾವ ಲೆಕ್ಕಕ್ಕೆ ಸೇರಿದೆವೋ ತಿಳೀದು.

ಮೊನ್ನೆ ಅಂಗಡಿಗೆ ಹೋದಾಗ ಅದೇ ಹಲಗೆ ಮೇಲೆ ಕೆಂಪು ಬಟ್ಟೆಯ ರಟ್ಟು ಒಂದಿತ್ತು. ನಲವತ್ತೆರಡು ಕಾಗದದ ದಪ್ಪಕ್ಕೆ ಬೆನ್ನು ಅಳೆದು ಮಾಡಿದ್ದರು. ಒಳಗೆ ಖಾಲಿ. ಸೂಜಿಗೆ ದಾರವೂ ಪೋಣಿಸಿಟ್ಟಿದ್ದರು.

"ಯಾವಾಗ ಹೊಲೀತೀರಿ?" ಅಂದೆ.

"ನಾಳೆ..." ಅಂತ ಬಾಯಿ ತೆರೆದವರು ಹಾಗೇ ಮುಚ್ಚಿಕೊಂಡರು.