ಎಡಕ್ಕೆ ಬಿದ್ದ ಹೂವು

ಅಟ್ಟ ಗುಡಿಸುತ್ತಿದ್ದ ಸೊಸೆ ಮುರುಕು ಚಂದ್ರಿಕೆಯೊಂದನ್ನು ಕೆಳಗಿಳಿಸಿ, "ಅತ್ತೆ, ಇದ್ನ ನೀರೊಲೆಗೆ ಹಾಕ್ಲಾ, ಇಟ್ಕೊಳ್ಳಾದಾ?" ಎಂದು ಕೇಳಿದಳು. ರೇಷ್ಮೆಹುಳ ಗೂಡು ಕಟ್ಟಲೆಂದು ಬಿಡುವ ಬಿದಿರಿನ ತಟ್ಟಿ ಅದು. ಹುಳ ಕಂಡು ಎಷ್ಟೋ ಕಾಲವಾಗಿದ್ದರೂ ವಾಸನೆ ಹೋಗಿರಲಿಲ್ಲ. ಬಾಡಿದ ಸೊಪ್ಪು, ಹುಳದ ಹಿಕ್ಕೆ, ಮೇಲೊಂದಿಷ್ಟು ಹೊಗೆ... ಪಕ್ಕದ ಮನೆಯ ಅಕ್ಕನ ಚಂದ್ರಿಕೆ. ಅವಳನ್ನು ನೆನೆದರೆ ನನಗೆ ಅಳು ಬರುವುದಿಲ್ಲ, ಸಿಟ್ಟು ಬರುತ್ತದೆ.

ಮಳವಳ್ಳಿ ಕಡೆಯ ಆ ಹಳ್ಳಿಗೆ ನಾನು ಸೊಸೆಯಾಗಿ ಹೋಗುವ ಹೊತ್ತಿಗೆ ಅಕ್ಕನ ಗಂಡ ತೀರಿಕೊಂಡಿದ್ದ. ಅವನು ನೆಟ್ಟ ಹಿಪ್ಪುನೇರಳೆ ತೋಟ ಅವಳ ಪಾಲಿಗೆ ಬಂದಿತ್ತು. ಅದರ ಸೊಪ್ಪು ತಿನ್ನುತ್ತಿದ್ದುದು ಮಾತ್ರ ಮೈದುನನ ಮನೆಯ ಹುಳ. ಸೊಪ್ಪು ಕೊಯ್ಯುವವಳು, ಹೆಚ್ಚಿ ಹಾಕುವವಳು, ಹುಳ ಜ್ವರಕ್ಕೆ ಕೂತು ಪೊರೆ ಬಿಡುವಾಗ ಕಾಯುವವಳು ಎಲ್ಲ ಇವಳೇ. ಗೂಡು ಮಾರುವಾಗ ಮಾತ್ರ ಮೈದುನ.

ತನ್ನ ಮನೆಯಲ್ಲಿ ತನ್ನದೇ ಹುಳ ಮೇಯಿಸಬೇಕು ಎಂಬುದು ಅವಳಿಗಿದ್ದ ಒಂದೇ ಆಸೆ. ಬಾವಿಕಟ್ಟೆಯಲ್ಲಿ ಸಿಕ್ಕಾಗಲೆಲ್ಲ ಅದೇ ಮಾತು. ಆದರೆ ಗಂಡ ಸತ್ತವಳ ಮನೆಯಲ್ಲಿ ಹುಳ ಏಳುವುದಿಲ್ಲ ಎನ್ನುತ್ತಿದ್ದರು ಊರಿನವರು. ಮೈದುನನ ಮನೆಯಲ್ಲಿ ಅದೇ ಕೈ ಸೊಪ್ಪು ಹಾಕಿದಾಗ ಹುಳಕ್ಕೆ ಏನೂ ಆಗುವುದಿಲ್ಲವಲ್ಲ ಎಂದು ನಾನು ಕೇಳಿದರೆ, "ಅವು ಅವ್ರ ಉಳ ಕಣಮ್ಮ" ಎನ್ನುತ್ತಿದ್ದಳು.

ಅದಕ್ಕೇ ಊರಮ್ಮನ ಗುಡಿಗೆ ಹೋಗಿ ಹೂವು ಕೇಳುತ್ತಿದ್ದಳು. ಪೂಜಾರಿ ನೀರಲ್ಲಿ ಅದ್ದಿದ ಹೂವನ್ನು ಅಮ್ಮನ ಮೈಮೇಲೆ ಅಂಟಿಸುತ್ತಿದ್ದ. ಬಲಕ್ಕೆ ಬಿದ್ದರೆ ಕೆಲಸ ಹಿಡಿಯಬಹುದು, ಎಡಕ್ಕೆ ಬಿದ್ದರೆ ಬೇಡ. ಮೊದಲ ಸಲವೇ ಬಲಕ್ಕೆ ಬಿತ್ತು. ದಾರಿಯಲ್ಲಿ ಬರುತ್ತಾ, "ಪೂಜಾರಿ ಗಂಟೆನ ಜೋರಾಗಿ ಬಾರಿಸ್ಬುಟ್ಟ. ಅದುರಿ ಬಿದ್ದಿರ್ಬೌದು" ಎಂದಳು. ಮುಂದಿನ ಬೆಳೆಗೂ ಬಲಕ್ಕೇ. "ಬಿದ್ದದ್ದೇನೋ ಸರಿ, ತಡವಾಗಿ ಬಿತ್ತಲ್ಲ?"

"ಅಮ್ಮನೇ ಎದ್ದು ಬಂದು ನಿನ್ ಸೊಪ್ಪು ಕೊಯ್ಕೊಡ್ಬೇಕಾ?" ಎಂದೆ. ನಕ್ಕಳು. ನನಗೆ ನಗು ಬರಲಿಲ್ಲ.

ಹೀಗೇ ವರ್ಷಗಳು ಹೋದವು. ಯುದ್ಧದ ಕಾಲ, ರೇಷ್ಮೆಗೆ ಬೆಲೆ ಏರಿತ್ತು. ಗೂಡು ಕೊಳ್ಳುವ ಸಾಬರು ಮನೆ ಬಾಗಿಲಿಗೇ ಬಂದು ಕಾಯುತ್ತಿದ್ದರು. ಒಂದು ತಟ್ಟೆ ಹುಳ ಇಟ್ಟವರೂ ಸೂರು ಹೊದಿಸಿಕೊಂಡರು. ಇವಳು ಗುಡಿಗೆ ಹೋಗಿ ಬರುತ್ತಲೇ ಇದ್ದಳು. ಕೊನೆಗೆ ಪೂಜಾರಿಯೇ, "ಅವ್ವಾ, ಅಮ್ಮುನ್ಗೂ ಬ್ಯಾರೆ ಕೆಲ್ಸ ಇರ್ತದೆ" ಎಂದುಬಿಟ್ಟ.

ಆಮೇಲೆ ಒಂದು ಬೆಳೆಗೆ ಮೈದುನನ ಹುಳಕ್ಕೆ ಸುಣ್ಣಕಟ್ಟು ರೋಗ ಬಂತು. ಹುಳವೆಲ್ಲ ಬೆಳ್ಳಗೆ ಬಳಪದ ಕಡ್ಡಿಯ ಹಾಗೆ ಸೆಟೆದುಕೊಂಡವು. ಅವನು ತಟ್ಟೆಗಳನ್ನು ತೊಳೆದು ಕವುಚಿ ಹಾಕಿ ಆ ಸಲಕ್ಕೆ ಕೈಬಿಟ್ಟ. ಅಕ್ಕನ ತೋಟದಲ್ಲಿ ಸೊಪ್ಪು ಕೇಳುವವರಿಲ್ಲದೆ ನಿಂತಿತು. ಕೆಳಗಿನ ಎಲೆ ಹಳದಿಗೆ ತಿರುಗುತ್ತಿತ್ತು.

ಮತ್ತೆ ಹೂವು ಕೇಳಲು ಹೊರಟಳು. ಬೈದುಕೊಂಡೇ ಜೊತೆಗೆ ಹೋದೆ. ಹೂವು ಎಡಕ್ಕೆ ಬಿತ್ತು. ಗಂಟೆಯೂ ಇಲ್ಲ, ಗಾಳಿಯೂ ಇಲ್ಲ, ನೇರವಾಗಿ ಎಡಕ್ಕೇ. ಇನ್ನು ಮುಗಿಯಿತು ಎಂದುಕೊಂಡೆ. ಅವಳು ಮನೆಯ ಕಡೆ ತಿರುಗಲಿಲ್ಲ, ಪೇಟೆಯ ದಾರಿ ಹಿಡಿದಳು.

"ಎಲ್ಲಿಗಕ್ಕ?"

"ಉಳದ ಮೊಟ್ಟೆ ತತ್ತೀನಿ."

"ಎಡಕ್ ಬಿತ್ತಲ್ಲ?"

"ಬಲಕ್ ಬಿದ್ದಾಗ್ಲೂ ಎದ್ರಿಕೆ ಇತ್ತು, ಈಗ್ಲೂ ಎದ್ರಿಕೆ ಅದೆ. ಊವ ಏನ್ ಮಾಡದು? ಸೊಪ್ಪು ಒಣಗ್ತಾ ಅದೆ, ನಡಿ."

ಕೆನ್ನೆಗೆ ಬಾರಿಸಬೇಕು ಎನಿಸಿತು. ಇದನ್ನು ಮೊದಲೇ ಹೇಳುವುದಕ್ಕೆ ಏನಾಗಿತ್ತು?

ಮೈದುನ ಜಗಲಿಯ ಮೇಲೆ ಕೂತು, "ಅಮ್ಮ ಬ್ಯಾಡ ಅಂದ್ರೆ ನಮ್ಮತ್ಗೆ ಬೇಕು ಅಂತಾಳೆ. ನೋಡಾನ, ಎಷ್ಟು ದಿನ ಉಳಿದಾವು" ಎಂದು ಹೋಗಿ ಬರುವವರಿಗೆಲ್ಲ ಹೇಳಿದ. ವರ್ಷಗಟ್ಟಲೆ ಸೊಪ್ಪು ಹೆಚ್ಚಿದವಳು ತನ್ನ ಮನೆಯಲ್ಲಿ ಹೆಚ್ಚುವಾಗ ಬೆರಳು ಕೊಯ್ದುಕೊಂಡಳು. ಹುಳ ಜ್ವರಕ್ಕೆ ಕೂತಾಗಲೆಲ್ಲ ಸತ್ತೇಹೋದವೆಂದು ನನ್ನನ್ನು ಕರೆಯುತ್ತಿದ್ದಳು. "ಸತ್ತಿಲ್ಲ ಕಣಕ್ಕ, ನಿಂಗೆ ಗೊತ್ತಿಲ್ವಾ?" ಗೊತ್ತಿತ್ತು. ಆದರೂ ಕರೆಯುತ್ತಿದ್ದಳು.

ಹುಳ ಹಣ್ಣಾಗಿ ಗೂಡು ಕಟ್ಟಿದವು. ಚಂದ್ರಿಕೆ ತುಂಬ ಗಟ್ಟಿ ಗೂಡು. ಕೊಳ್ಳಲು ಬಂದ ಸಾಬರು ಒಂದು ಗೂಡನ್ನು ಕಿವಿಯ ಹತ್ತಿರ ಅಲ್ಲಾಡಿಸಿ ನೋಡಿ, "ಇಷ್ಟು ದಿನ ಎಲ್ಲಿದ್ರಿ ಅಕ್ಕ ನೀವು?" ಎಂದರು.

"ಗುಡೀಲಿದ್ಲು" ಎಂದೆ ನಾನು. ಅವತ್ತು ಅವಳು ನಕ್ಕ ಹಾಗೆ ಮತ್ತೆ ಯಾವತ್ತೂ... ಇರಲಿ.

ಅಲ್ಲಿಂದ ಮುಂದೆ ಅವಳು ಹೂವು ಕೇಳಲಿಲ್ಲ. ಸಾಕಿದಳು, ತಾನೇ ಮಾರಿದಳು. ಹೊಸ ಚಂದ್ರಿಕೆ ಹೆಣೆಸಿ, ಹಳೆಯದೊಂದನ್ನು ನನಗೆ ಕೊಟ್ಟು, "ನೀನೂ ಇಡು" ಎಂದಳು. ಎರಡು ವರ್ಷವಾಯಿತೋ ಇಲ್ಲವೋ, ಊರಿಗೆ ವಾಂತಿಭೇದಿ ಬಂತು. ಅದು ಹೂವು ಕೇಳಿಕೊಂಡು ಬರಲಿಲ್ಲ, ಅವಳನ್ನೂ ಕೊಂಡೊಯ್ದಿತು. ಸ್ವಾತಂತ್ರ್ಯ ಬಂತೆಂದು ಊರಲ್ಲಿ ಮಿಠಾಯಿ ಹಂಚಿದ ವರ್ಷ ಅವಳ ತೋಟದ ಸೊಪ್ಪನ್ನು ಮತ್ತೆ ಮೈದುನನ ಹುಳವೇ ತಿಂದವು.

ಕೊನೆಗಾದರೂ ಮಾಡಿದಳಲ್ಲ ಎಂದು ಸಮಾಧಾನ ಹೇಳುವವರಿದ್ದಾರೆ. ನನಗೆ ಆ ಸಮಾಧಾನ ಹತ್ತುವುದಿಲ್ಲ. ಕೈಯಲ್ಲಿ ಕೆಲಸವಿತ್ತು, ಹಿತ್ತಿಲಾಚೆ ಸೊಪ್ಪಿತ್ತು, ಬದುಕಿದ್ದಳು. ಇನ್ನೇನು ಬೇಕಿತ್ತು ಅವಳಿಗೆ?

ಸೊಸೆ ಇನ್ನೂ ಚಂದ್ರಿಕೆ ಹಿಡಿದೇ ನಿಂತಿದ್ದಳು. "ಆಮೇಲೆ ನೆನಪಿನ್ದು ಅಂತೀರಿ, ಹಾಕ್ಲಾ ಬ್ಯಾಡ್ವಾ?"

"ಅದ್ಕೂ ಊವ ಕೇಳ್ಬೇಕಾ? ಹಾಕು."

ಒಣಗಿದ ಬಿದಿರು, ಚೆನ್ನಾಗಿ ಉರಿಯಿತು. ನೀರು ಕಾಯುವ ತನಕ ಒಲೆಯ ಮುಂದೆ ಕೂತಿದ್ದೆ. ಆ ವಾಸನೆ ಒಂದಷ್ಟು ಹೊತ್ತು ಇತ್ತು, ಆಮೇಲೆ ಬರೀ ಹೊಗೆ.