ಗೆದ್ದ ಮರುವರ್ಷದ ಎಲ್ಪಿಡಿಯೋ

ರಾಡಾಮೆಸ್ ತಂಡ ಬಿಟ್ಟ ಸುದ್ದಿ ಎಲ್ಪಿಡಿಯೋಗೆ ತಲುಪಿದ್ದು ಕ್ಷೌರದಂಗಡಿಯಲ್ಲಿ, ಮುಖಕ್ಕೆಲ್ಲ ಸೋಪಿನ ನೊರೆ ಬಳಿಸಿಕೊಂಡು ಕೂತಿದ್ದಾಗ. ಗೋಡೆಯ ರೇಡಿಯೋ ಎರಡು ಜಾಹೀರಾತುಗಳ ನಡುವೆ, ಮಳೆಯ ಸುದ್ದಿ ಹೇಳುವಷ್ಟೇ ಸಲೀಸಾಗಿ, ಮಾಂಗ್ಲೆ ಊರಿನ ಪೆಲಿಕಾನೋಸ್ ಬೇಸ್‌ಬಾಲ್ ತಂಡದ ರಾಡಾಮೆಸ್ ಪೆಗೇರೋ ಈ ಚಳಿಗಾಲ ರಾಜಧಾನಿಯ ತಂಡಕ್ಕೆ ಆಡಲಿದ್ದಾನೆ ಎಂದಿತು. ಕ್ಷೌರಿಕ ತೀತೋನ ಕತ್ತಿ ಗಲ್ಲದ ಮೇಲೆಯೇ ನಿಂತಿತು.

"ಏನೋ ಇದು ಪಿಡಿಯೋ? ನಿನ್ನ ಗೆಳೆಯ ಕೈಕೊಟ್ಟನಲ್ಲೋ! ನಿಂಗೆ ಗೊತ್ತಿತ್ತಾ?"

"ಗೊತ್ತಿತ್ತು."

"ಗೊತ್ತಿದ್ದೂ ಬಾಯಿ ಮುಚ್ಕೊಂಡಿದ್ಯಾ? ನಾನಾಗಿದ್ರೆ ಅವನ ಕಾಲು ಮುರ್ದು ಕೈಗೆ ಕೊಡ್ತಿದ್ದೆ."

"ನೀನು ಮೊದ್ಲು ಶೇವ್ ಮುಗ್ಸು. ನೊರೆ ಒಣಗ್ತಾ ಇದೆ."

ಅವನಿಗೆ ಗೊತ್ತಿರಲಿಲ್ಲ. ಹಿಂದಿನ ಭಾನುವಾರ ತಾನೇ ರಾಡಾಮೆಸನ ಮನೆಯ ಅಂಗಳದಲ್ಲಿ ಕೂತು, ಮಾಂಸ ಗೆಡ್ಡೆ ಜೋಳ ಎಲ್ಲ ಹಾಕಿ ಕುದಿಸಿದ ಸಾಂಕೋಚೋ ಉಂಡು, ಕತ್ತಲಾಗುವ ತನಕ ಡಾಮಿನೋ ಆಡಿ ಬಂದಿದ್ದ. ಅಂದು ರಾಡಾಮೆಸನ ಹೆಂಡತಿ ಮಿಲಾಗ್ರೋಸ್ ಬೇಡಬೇಡವೆಂದರೂ ಮತ್ತೆ ಮತ್ತೆ ಬಡಿಸಿದ್ದಳು. ಯಾಕೆಂದು ಈಗ ಅರ್ಥವಾಯಿತು.

ಎಲ್ಪಿಡಿಯೋ ಸೆವೆರೀನೋಗೆ ಆಗ ಮೂವತ್ತೇಳು. ಹದಿನೆಂಟರಲ್ಲಿ ಅಮೆರಿಕದ ಕ್ಲಬ್ಬೊಂದು ಅವನನ್ನು ಕರೆದೊಯ್ದು, ಕೆಲವು ವರ್ಷ ಹೆಸರಿಲ್ಲದ ಊರುಗಳಲ್ಲಿ ಆಡಿಸಿ, ಬ್ಯಾಟಿನಲ್ಲಿ ಕಸುವು ಸಾಲದೆಂದು ವಾಪಸು ಕಳಿಸಿತ್ತು. ಅಂದಿನಿಂದ ಬೇಸಗೆಯಲ್ಲಿ ಭಾವನ ಬಣ್ಣದಂಗಡಿಯಲ್ಲಿ ಡಬ್ಬಿ ಕಲಕುವುದು, ಅಕ್ಟೋಬರ್ ಬಂತೆಂದರೆ ಪೆಲಿಕಾನೋಸ್ ಅಂಗಿ ತೊಡುವುದು. ಹೆಂಡತಿ ಡೀಗ್ನಾ ಮ್ಯಾಡ್ರಿಡ್‌ನಲ್ಲಿ ಒಬ್ಬ ಮುದುಕಿಯನ್ನು ನೋಡಿಕೊಳ್ಳುವ ಕೆಲಸಕ್ಕೆ ಹೋಗಿ ಆರು ವರ್ಷವಾಗಿತ್ತು. ಮಕ್ಕಳಿರಲಿಲ್ಲ. ವಾರಕ್ಕೊಮ್ಮೆ ಫೋನು. ಉಳಿದಂತೆ ಅವನಿಗೆ ಮನೆಮಠ, ಅಣ್ಣತಮ್ಮ ಎಲ್ಲ ರಾಡಾಮೆಸನೇ.

ಹನ್ನೊಂದು ಚಳಿಗಾಲ ಅವರಿಬ್ಬರೂ ಓಟಗಾರರು ಮೆಟ್ಟಬೇಕಾದ ಎರಡನೇ ಬೇಸಿನ ಎಡಕ್ಕೊಬ್ಬ, ಬಲಕ್ಕೊಬ್ಬ ನಿಂತಿದ್ದರು. ಎದುರಾಳಿ ಹೊಡೆದ ಚೆಂಡು ನೆಲ ಕಚ್ಚಿ ಉರುಳಿ ಬಂದರೆ ರಾಡಾಮೆಸ್ ಬಾಚಿ, ನೋಡದೆಯೇ ಬೇಸಿನತ್ತ ತೂರುತ್ತಿದ್ದ. ಚೆಂಡು ಬರುವ ಜಾಗದಲ್ಲಿ ಎಲ್ಪಿಡಿಯೋನ ಕೈ ಇರುತ್ತಿತ್ತು. ಅವನು ಬೇಸ್ ಮೆಟ್ಟಿ, ಹಾರಿ, ಮೊದಲ ಬೇಸಿಗೆ ಎಸೆಯುತ್ತಿದ್ದ. ಒಂದೇ ಚೆಂಡಿಗೆ ಇಬ್ಬರು ಔಟ್. ಹೋದ ಜನವರಿಯಲ್ಲಿ ಪೆಲಿಕಾನೋಸ್ ಲೀಗ್ ಗೆದ್ದದ್ದೂ ಇಂಥದೇ ಚೆಂಡಿನಲ್ಲಿ. ಊರಿಗೆ ಊರೇ ಮೂರು ದಿನ ಮಲಗಲಿಲ್ಲ. ಸಕ್ಕರೆ ಕಾರ್ಖಾನೆಯವರು ಸೈರನ್ ಊದಿದರು. ಪಾದ್ರಿ ಕೂಡ ಪೂಜೆಯ ನಡುವೆ ಟೋಪಿ ತೆಗೆದು ತೋರಿಸಿದನಂತೆ, ಒಳಗೆ ತಂಡದ ಗುರುತಾದ ಪೆಲಿಕನ್ ಹಕ್ಕಿಯ ಚಿತ್ರವಿತ್ತಂತೆ.

ಅಕ್ಟೋಬರಿನಲ್ಲಿ ಅಭ್ಯಾಸಕ್ಕೆ ಹೋದಾಗ ಎಲ್ಪಿಡಿಯೋಗೆ ಬೇರೆ ಯಾರದೋ ಮನೆಗೆ ಕಾಲಿಟ್ಟ ಹಾಗಾಯಿತು. ಚೆಂಡೆಸೆದು ಗೆಲ್ಲಿಸಿದ ಪಿಚರನನ್ನು ಅವನ ಅಮೆರಿಕದ ಕ್ಲಬ್ಬು, ತೋಳು ಸವೆಯುತ್ತದೆಂದು ಮನೆಯಲ್ಲಿ ಕೂರಿಸಿತ್ತು. ಮ್ಯಾನೇಜರ್ ಹೆಚ್ಚಿನ ಸಂಬಳಕ್ಕೆ ಮೆಕ್ಸಿಕೋ ಸೇರಿದ್ದ. ಗೆದ್ದವರಿಗೆಲ್ಲ ಬೇರೆ ಕಡೆಯಿಂದ ಕರೆ ಬಂದಿತ್ತು, ಗೆದ್ದವರೆಲ್ಲ ಹೋಗಿದ್ದರು. ಮೊದಲ ಪಂದ್ಯದ ಸಂಜೆ ಚಾಂಪಿಯನ್ನರ ಬಾವುಟ ಏರಿಸಲು ಹಳಬರನ್ನು ಕರೆದಾಗ ಮೈದಾನದ ನಡುವೆ ನಿಂತವರು ಮೂರೇ ಜನ: ಎಲ್ಪಿಡಿಯೋ, ಒಬ್ಬ ಬದಲಿ ಕ್ಯಾಚರ್, ನೀರು ಕೊಡುವ ಮುದುಕ. ಹಗ್ಗ ಸಿಕ್ಕಿಕೊಂಡು ಬಾವುಟ ಅರ್ಧಕ್ಕೇ ನಿಂತಿತು. ಬ್ಯಾಂಡಿನವರು ಅದೇ ಹಾಡನ್ನು ಇನ್ನೊಮ್ಮೆ ನುಡಿಸಿದರು. ಆ ಪಂದ್ಯ ಸೋತರು. ಮುಂದಿನದನ್ನೂ ಸೋತರು.

ರಾಡಾಮೆಸನ ಜಾಗಕ್ಕೆ ನಾಡಿನ ಉತ್ತರದ ಸಾಂಟಿಯಾಗೋ ಕಡೆಯ ವಿಲ್ಫ್ರಿನ್ ಎಂಬವನು ಬಂದಿದ್ದ. ಇಪ್ಪತ್ತಾರರ ಗಟ್ಟಿ ಆಳು. ಓಟ ಚೆನ್ನ, ತೋಳು ಇನ್ನೂ ಚೆನ್ನ. ಆದರೆ ಹತ್ತು ಅಡಿ ದೂರಕ್ಕೂ ಮೈಯೆಲ್ಲ ಬಲ ಹಾಕಿ ಎಸೆಯುತ್ತಿದ್ದ. ನವೆಂಬರಿನ ಒಂದು ಪಂದ್ಯದಲ್ಲಿ ಅವನ ಚೆಂಡನ್ನು ತಡೆಯಲು ಹೋಗಿ ಎಲ್ಪಿಡಿಯೋನ ಬಲಗೈ ಹೆಬ್ಬೆರಳು ಹಿಂದಕ್ಕೆ ಮಡಚಿತು.

"ತಪ್ಪಾಯ್ತಣ್ಣ," ಎಂದ ವಿಲ್ಫ್ರಿನ್, ಬಟ್ಟೆ ಬದಲಿಸುವ ಕೋಣೆಯಲ್ಲಿ. "ನೀವು ಎಲ್ಲಿ ನಿಂತ್ಕೋತೀರಿ ಅಂತ ನಂಗೆ ಇನ್ನೂ ಗೊತ್ತಾಗ್ತಿಲ್ಲ. ಬಾಯಿಬಿಟ್ಟು ಹೇಳಿದ್ರೆ..."

"ಹೇಳ್ತೀನಿ," ಎಂದ ಎಲ್ಪಿಡಿಯೋ. ಆದರೆ ಏನೆಂದು ಹೇಳಬೇಕೆಂದು ಹೊಳೆಯಲಿಲ್ಲ. ಹನ್ನೊಂದು ವರ್ಷ ಅದನ್ನು ಬಾಯಿಬಿಟ್ಟು ಹೇಳುವ ಪ್ರಮೇಯವೇ ಬಂದಿರಲಿಲ್ಲ.

ಬಸ್ಸಿನಲ್ಲಿ ಅವನ ಪಕ್ಕದ ಸೀಟು ಖಾಲಿಯೇ ಇರುತ್ತಿತ್ತು. ಹೊಸಬರು ಅದು ರಾಡಾಮೆಸನ ಜಾಗವೆಂದು, ಹಿರಿಯರಿಗೆ ಬೇಜಾರಾದೀತೆಂದು ಹಿಂದೆ ಹೋಗಿ ಒತ್ತಿಕೊಂಡು ಕೂರುತ್ತಿದ್ದರು. ಬಾ ಕೂತ್ಕೋ ಎಂದು ಇವನೂ ಯಾರನ್ನೂ ಕರೆಯಲಿಲ್ಲ. ಖಾಲಿ ಸೀಟಿನ ಮೇಲೆ ಕೈಚೀಲ ಇಟ್ಟುಕೊಂಡು ಕಬ್ಬಿನ ಗದ್ದೆ ನೋಡುತ್ತ ಹೋಗುತ್ತಿದ್ದ. ಸೋಲು ಹೆಚ್ಚಾದಂತೆ ಜನ ಕಡಿಮೆಯಾದರು. ಜನ ಕಡಿಮೆಯಾದಂತೆ ಒಬ್ಬೊಬ್ಬರ ಕೂಗೂ ಸ್ಪಷ್ಟವಾಗಿ ಕೇಳತೊಡಗಿತು.

"ಏ ತಾತ! ಬಗ್ಗಿದ್ರೆ ಏಳೋಕಾಗುತ್ತೇನೋ? ಕ್ರೇನ್ ತರ್ಸೋಣ್ವಾ?"

ಜನವರಿಯಲ್ಲಿ ಅವನನ್ನು ಹೆಗಲ ಮೇಲೆ ಹೊತ್ತು ಕುಣಿದವನ ದನಿಯೇ ಅದು. ಎಲ್ಪಿಡಿಯೋ ತಿರುಗಿ ನೋಡಲಿಲ್ಲ.

ಡಿಸೆಂಬರ್ ಮೊದಲ ಭಾನುವಾರ ಮಧ್ಯಾಹ್ನ ರಾಜಧಾನಿಯ ತಂಡ ಮಾಂಗ್ಲೆಗೆ ಬಂತು. ಆ ಸೀಸನ್ನಿನಲ್ಲಿ ಮೊದಲ ಬಾರಿಗೆ ಮೈದಾನ ತುಂಬಿತ್ತು. ಪೆಲಿಕಾನೋಸ್ ಆಟ ನೋಡಲು ಬಂದವರು ಕಡಿಮೆ; ಉಳಿದವರೆಲ್ಲ ರಾಡಾಮೆಸನನ್ನು ಬೈಯಲೆಂದೇ ಬಂದಿದ್ದರು. ಅವನು ಬ್ಯಾಟು ಹಿಡಿದು ಹೊರಬಂದಾಗ ಎದ್ದ ಶಿಳ್ಳೆ, ಕೂಗಿಗೆ ಮೈದಾನದಲ್ಲಿದ್ದ ಹಕ್ಕಿಗಳೆಲ್ಲ ಹಾರಿಹೋದವು. ರಾಡಾಮೆಸ್ ತಲೆ ತಗ್ಗಿಸಿಕೊಂಡು ಬಂದ, ಎರಡನೇ ಚೆಂಡನ್ನೇ ದೂರಕ್ಕೆ ಬಾರಿಸಿದ, ಓಡಿಬಂದು ಎರಡನೇ ಬೇಸ್ ಮೆಟ್ಟಿ ನಿಂತ.

ಮೈದಾನದ ಅಂಚಿನಿಂದ ತಂಡದವರು ಎಸೆದ ಚೆಂಡು ಎಲ್ಪಿಡಿಯೋನ ಕೈಯ ತೊಗಲಿನ ಗ್ಲೌಸಿಗೆ ತಡವಾಗಿ ಬಂದು ಬಿತ್ತು. ಅದನ್ನು ಪಿಚರನಿಗೆ ವಾಪಸು ಎಸೆಯಬೇಕು. ಪಿಚರ್ ತನ್ನ ದಿಬ್ಬದಿಂದ ಇಳಿದು, ಬೆನ್ನು ತಿರುಗಿಸಿ, ತನಗೆ ತಾನೇ ಬೈದುಕೊಳ್ಳುತ್ತಿದ್ದ. ಚೆಂಡು ಗ್ಲೌಸಿನಲ್ಲೇ ಉಳಿಯಿತು.

ರಾಡಾಮೆಸ್ ಮೊಣಕಾಲಿನ ಮಣ್ಣು ಕೊಡವಿದ. "ಹೆಬ್ಬೆರಳು ಹೇಗಿದೆಯೋ?"

"ಇದೆ."

"ಆ ನಿನ್ನ ಜೊತೆಗಾರ ಚೆಂಡು ಎಸೀತಾನೋ, ನಾಯಿಗೆ ಕಲ್ಲು ಹೊಡೀತಾನೋ?"

ಎಲ್ಪಿಡಿಯೋಗೆ ನಗು ಉಕ್ಕಿಬಂತು. ಹಲ್ಲು ಕಚ್ಚಿ ತಡೆದುಕೊಂಡ. "ಕಲೀತಾನೆ."

"ಡೀಗ್ನಾ ಬರ್ತಾಳಾ ಕ್ರಿಸ್‌ಮಸ್‌ಗೆ?"

"ಇಲ್ಲ. ಮುದುಕಿಗೆ ಹುಷಾರಿಲ್ವಂತೆ."

"ನೀನು ಒಂದು ಫೋನೂ ಮಾಡ್ಲಿಲ್ಲ."

"ನೀನು ಮಾಡಿದ್ಯಾ?"

ರಾಡಾಮೆಸ್ ಹೆಲ್ಮೆಟ್ ಸರಿಮಾಡಿಕೊಂಡ. "ಬಂದಿದ್ದೆ ಕಣೋ. ಸಹಿ ಹಾಕೋ ಹಿಂದಿನ ದಿನ. ನಿಮ್ಮನೆ ಗೇಟಲ್ಲಿ ಬೈಕ್ ನಿಲ್ಸಿದ್ದೆ. ನೀನು ಹಿತ್ಲಲ್ಲಿ ಬಟ್ಟೆ ಒಗೀತಾ ಹಾಡ್ಕೋತಿದ್ದೆ. ಅಷ್ಟು ದರಿದ್ರವಾಗಿ, ಅಷ್ಟು ಖುಷಿಯಾಗಿ ಹಾಡ್ತಿರೋನಿಗೆ ಏನಂತ ಹೇಳ್ಲಿ? ವಾಪಸ್ ಹೋದೆ."

ಜನ ಇನ್ನೂ ದ್ರೋಹಿ, ದ್ರೋಹಿ ಎಂದು ಕಿರುಚುತ್ತಿದ್ದರು. ರಾಡಾಮೆಸ್ ಬೇಸಿನಿಂದ ಕಾಲು ತೆಗೆದ. ಒಂದು ಹೆಜ್ಜೆ ಹತ್ತಿರ ಬಂದು ಗೆಳೆಯನ ಹೆಗಲ ಮೇಲೆ ಕೈಯಿಟ್ಟ.

"ನೋಡಿಲ್ಲಿ ಪಿಡಿಯೋ. ನಾನು ಹೋಗಿದ್ದು ಯಾಕಂದ್ರೆ..."

ಎಲ್ಪಿಡಿಯೋನ ಗ್ಲೌಸು ಅವನ ಹೊಟ್ಟೆಗೆ ತಾಗಿತು. ಮೆಲ್ಲಗೆ, ಬಾಗಿಲು ತಟ್ಟಿದ ಹಾಗೆ. ಚೆಂಡು ಅದರೊಳಗಿತ್ತು.

ಬೇಸ್ ಬಿಟ್ಟು ನಿಂತವನಿಗೆ ಚೆಂಡು ತಾಗಿದರೆ ಔಟ್. ಗ್ಲೌಸಿನಲ್ಲಿ ಚೆಂಡು ಅಡಗಿಸಿಟ್ಟು ಕಾಯುವುದು ಎಲ್ಲರಿಗೂ ಗೊತ್ತಿರುವ, ಹಳಬರು ಯಾರೂ ಬೀಳದ ಹಳೆಯ ತಂತ್ರ. ಹೊಸಬರನ್ನು ಹೀಗೆ ಸಿಕ್ಕಿಸಿ ಇವರಿಬ್ಬರೂ ಎಷ್ಟೋ ಸಲ ಬಿದ್ದುಬಿದ್ದು ನಕ್ಕಿದ್ದರು. ರಾಡಾಮೆಸ್ ಗ್ಲೌಸು ನೋಡಿದ. ತಮಾಷೆಯೆಂದುಕೊಂಡು ಅವನ ತುಟಿ ನಗಲು ಶುರುಮಾಡಿತ್ತು. ಅಷ್ಟರಲ್ಲಿ ಅಂಪೈರ್ ಮುಷ್ಟಿ ಎತ್ತಿದ. ಹೆಗಲ ಮೇಲಿದ್ದ ಕೈ ಕೆಳಗಿಳಿಯಿತು.

"ಚೆನ್ನಾಗೇ ಕಲ್ಸಿದ್ದೀನಿ ನಿಂಗೆ," ಎಂದು ಹೇಳಿ ರಾಡಾಮೆಸ್ ಹೊರಟುಹೋದ.

ಮೈದಾನ ಹುಚ್ಚೆದ್ದಿತು. ಜನ ಟೋಪಿ ಎಸೆದರು, ಅಪರಿಚಿತರು ತಬ್ಬಿಕೊಂಡರು. ಪೆಲಿಕಾನೋಸ್ ಆ ಪಂದ್ಯ ಗೆದ್ದಿತು ಕೂಡ. ಬೇಕೆಂದೇ ಮಾಡಿದನೇ, ಕೈ ತಾನಾಗಿ ಹೋಯಿತೇ ಎಂದು ಕೇಳಿದ್ದರೆ ಎಲ್ಪಿಡಿಯೋಗೆ ಉತ್ತರ ಗೊತ್ತಿರಲಿಲ್ಲ. ಆದರೆ ಯಾರೂ ಹಾಗೆ ಕೇಳಲಿಲ್ಲ. ತೀತೋ ಕ್ಷೌರಕ್ಕೆ ಕಾಸು ಮುಟ್ಟಲಿಲ್ಲ. "ಅವನ ಮುಖ ಹೆಂಗಾಯ್ತೋ, ಹೇಳೋ, ಇನ್ನೊಂದ್ಸಲ ಹೇಳೋ," ಎಂದು ಅಂಗಡಿಯಲ್ಲಿ ಕೂತವರೆಲ್ಲ ಪೀಡಿಸಿದರು. ಬಸ್ಸಿನಲ್ಲಿ ಹೊಸಬರು ಪಕ್ಕದ ಸೀಟಿಗೆ ಪೈಪೋಟಿಗೆ ಬಿದ್ದರು. ಅವನು ಹೇಳಿದ. ಹೇಳುತ್ತ ಹೇಳುತ್ತ ಹೆಗಲ ಮೇಲಿನ ಕೈ ಕತೆಯಿಂದ ಬಿಟ್ಟುಹೋಯಿತು. ಬೈಕು, ಹಿತ್ತಲು, ಬಟ್ಟೆ ಒಗೆದದ್ದಂತೂ ಮೊದಲಿನಿಂದಲೂ ಇರಲಿಲ್ಲ. ಕೊನೆಗೆ ಉಳಿದದ್ದು ಒಬ್ಬ ಜಾಣ, ಒಬ್ಬ ಪೆದ್ದ. ಎಲ್ಲರೂ ನಕ್ಕು, ಬೆನ್ನು ತಟ್ಟಿ ಇಳಿದುಹೋದ ಮೇಲೆ ಅವನಿಗೆ ಮೊದಲಿನ ಖಾಲಿ ಸೀಟೇ ಮೇಲೆನಿಸುತ್ತಿತ್ತು.

ಆ ವಾರ ಡೀಗ್ನಾ ಫೋನ್ ಮಾಡಿದಳು.

"ವಿಡಿಯೋ ನೋಡ್ದೆ. ಕೆಳಗಿನ ಮನೇಲಿ ಕೆಲಸ ಮಾಡೋ ನಮ್ಮೂರ ಹುಡುಗಿ ತೋರಿಸಿದ್ಲು. ಬಿದ್ದುಬಿದ್ದು ನಗ್ತಿದ್ಲು."

"ನೀನು ನಗ್ಲಿಲ್ವಾ?"

"ಅವನ ಕೈ ನಿನ್ನ ಹೆಗಲ ಮೇಲಿತ್ತು, ಪಿಡಿಯೋ."

ಸಾವಿರಾರು ಜನರಲ್ಲಿ ಅದನ್ನು ಕಂಡವಳು ಅವಳೊಬ್ಬಳೇ, ಅದೂ ಸಮುದ್ರದಾಚೆಯಿಂದ. ಅವನು "ಹ್ಞೂಂ" ಎಂದ. ಆಮೇಲೆ ಮುದುಕಿ ಕರೆದಳೆಂದು ಅವಳು ಇಟ್ಟಳು.

ಪೆಲಿಕಾನೋಸ್ ಜನವರಿಯ ಅಂತಿಮ ಸುತ್ತಿಗೆ ಹೋಗದೆ, ಕೊನೆಯ ಸ್ಥಾನದಲ್ಲಿ ಡಿಸೆಂಬರಿನಲ್ಲೇ ಸೀಸನ್ ಮುಗಿಸಿತು. ಬಾವುಟ ಇಳಿಸಿ ಮಡಚಿ ಎಲ್ಲಿಟ್ಟರೋ, ಎಲ್ಪಿಡಿಯೋ ವಿಚಾರಿಸಲಿಲ್ಲ. ಕ್ರಿಸ್‌ಮಸ್ ಹಿಂದಿನ ದಿನ ಅಕ್ಕ ಊಟಕ್ಕೆ ಕರೆದಾಗ, ಎಂದಿನಂತೆ ರಾಡಾಮೆಸನ ಮನೆಗೆ ಹೋಗುತ್ತೇನೆಂದ. ಡೀಗ್ನಾ ಕೇಳಿದಾಗ ಅಕ್ಕನ ಮನೆಗೆಂದ. ಸಂಜೆ ಅಡುಗೆಮನೆಯಲ್ಲಿ ಬಾಳೆಕಾಯಿ ಬೇಯಿಸಿ ಜಜ್ಜಿ, ಎರಡು ತುಂಡು ಸಲಾಮಿ ಮಾಂಸ ಹುರಿದುಕೊಂಡ. ಬೀದಿಯ ಮನೆಮನೆಯಿಂದ ಸುಟ್ಟ ಹಂದಿಮಾಂಸದ ವಾಸನೆ, ಹಾಡು ಬರುತ್ತಿತ್ತು. ತಟ್ಟೆ ಮುಟ್ಟದೆ ಫೋನು ತೆಗೆದ.

"ಹೇಳು," ಎಂದ ರಾಡಾಮೆಸ್. ಹಿಂದೆ ಡಾಮಿನೋ ಬಿಲ್ಲೆಗಳನ್ನು ಮೇಜಿಗೆ ಬಡಿಯುವ ಸದ್ದು. ಅವನೀಗ ರಾಜಧಾನಿಯಲ್ಲೇ ಮನೆ ಮಾಡಿದ್ದ.

"ಹಬ್ಬದ ಶುಭಾಶಯ ಹೇಳೋಣ ಅಂತ."

"ನಿಂಗೂ."

"ಅವತ್ತು... ನೀನು ಏನೋ ಹೇಳ್ತಿದ್ದೆ."

"ಯಾವತ್ತು?"

"ಬೇಸ್ ಹತ್ರ."

ಬಿಲ್ಲೆಗಳ ಸದ್ದು ದೂರವಾಯಿತು. ರಾಡಾಮೆಸ್ ಎದ್ದು ಆಚೆ ಬಂದಿರಬೇಕು. "ಹೇಳ್ತಿದ್ದೆ. ಈಗ ಅದನ್ನ ಹೇಳೋಕೆ ಮನಸ್ಸಿಲ್ಲ ಕಣೋ. ಕೋಪ ಏನಿಲ್ಲ. ಮನಸ್ಸಿಲ್ಲ ಅಷ್ಟೆ. ಊಟ ಎಲ್ಲಿ ನಿಂದು?"

"ಅಕ್ಕನ ಮನೇಲಿ."

"ಒಳ್ಳೇದಾಯ್ತು. ಅಕ್ಕಂಗೆ ಕೇಳ್ದೆ ಅಂತ ಹೇಳು."

ಎಲ್ಪಿಡಿಯೋ ತಣ್ಣಗಾದ ಬಾಳೆಕಾಯಿ ತಿಂದು, ತಟ್ಟೆ ತೊಳೆದಿಟ್ಟ.

ಮುಂದಿನ ಅಕ್ಟೋಬರಿನಲ್ಲಿ ಪೆಲಿಕಾನೋಸ್‌ನಿಂದ ಅವನಿಗೆ ಕರೆ ಬರಲಿಲ್ಲ. ವಿಲ್ಫ್ರಿನ್ ಮಾತ್ರ ಒಂದು ದಿನ ಬಣ್ಣದಂಗಡಿಗೆ ಹುಡುಕಿಕೊಂಡು ಬಂದು, ಅಭ್ಯಾಸಕ್ಕೆ ಬನ್ನಿ, ನನ್ನ ಕೈ ತಿದ್ದಿ ಎಂದು ಕೇಳಿದ. ಎಲ್ಪಿಡಿಯೋ ಎರಡು ಮೂರು ಬೆಳಿಗ್ಗೆ ಹೋದ. ಆಮೇಲೆ ಅಂಗಡಿಯಲ್ಲಿ ಕೆಲಸ ಜಾಸ್ತಿಯೆಂದು ನಿಲ್ಲಿಸಿದ. ಡೀಗ್ನಾಳ ಮುದುಕಿ ತೀರಿಕೊಂಡಳು. ಡೀಗ್ನಾ ಇನ್ನೊಬ್ಬ ಮುದುಕಿಯ ಮನೆಯಲ್ಲಿ ಕೆಲಸ ಹಿಡಿದಳು. ಇದೊಂದು ವರ್ಷ ಎಂದಳು. ಹಿಂದಿನ ವರ್ಷಗಳಲ್ಲೂ ಹಾಗೇ ಅಂದಿದ್ದಳು.

ರಾಡಾಮೆಸ್ ಮತ್ತೆ ಎರಡು ಚಳಿಗಾಲ ಆಡಿ ನಿವೃತ್ತನಾದ. ಅವನ ಮೊದಲ ಮೊಮ್ಮಗಳ ದೀಕ್ಷಾಸ್ನಾನಕ್ಕೆ ಎಲ್ಪಿಡಿಯೋಗೂ ಆಮಂತ್ರಣ ಬಂತು. ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ರಾಜಧಾನಿಗೆ ಹೋದ. ಇಬ್ಬರೂ ತಬ್ಬಿಕೊಂಡರು, ಪಕ್ಕಪಕ್ಕದ ಕುರ್ಚಿಯಲ್ಲಿ ಕೂತರು. ಮಂಡಿನೋವಿನ ಬಗ್ಗೆ, ಟೈರಿನ ಬೆಲೆಯ ಬಗ್ಗೆ, ಈಗಿನ ಮಾಂಗ್ಲೆ ತಂಡ ಎಷ್ಟು ಕೆಟ್ಟದಾಗಿದೆಯೆಂಬುದರ ಬಗ್ಗೆ ಮಾತಾಡಿದರು. ಮಾತು ಮುಗಿದಾಗ ಇಬ್ಬರೂ ಮಗುವನ್ನು ನೋಡುತ್ತ ಕೂತರು. ಹೊರಡುವಾಗ ಮಿಲಾಗ್ರೋಸ್ ಒಂದು ದೊಡ್ಡ ತುಂಡು ಕೇಕನ್ನು ಕಾಗದದಲ್ಲಿ ಸುತ್ತಿ ಕೈಗಿತ್ತಳು. ಬಸ್ಸಿನಲ್ಲಿ ನೂಕುನುಗ್ಗಲಿತ್ತು. ಕೇಕು ನಜ್ಜುಗುಜ್ಜಾಗದಂತೆ ಎಲ್ಪಿಡಿಯೋ ಊರು ಮುಟ್ಟುವ ತನಕ ತೊಡೆಯ ಮೇಲೆ ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದ.